ಎರಡನೇ ದಿನದ ರಕ್ತ

ಸಿನಿಮಾ ಶುರುವಾಗಿ ಹತ್ತು ನಿಮಿಷವಾಗಿರಲಿಲ್ಲ, ಅಪ್ಪ ಆಗಲೇ ಸೀಟಿನ ತುದಿಗೆ ಬಂದಿದ್ದರು. ಮಗಳ ಎದೆ ಧಸಕ್ಕೆಂದಿತು. ಮೂವತ್ತು ವರ್ಷ ಸೇನೆಯ ಆಸ್ಪತ್ರೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟಿದ ಈ ಮನುಷ್ಯ ಒಂದೇ ಒಂದು ಯುದ್ಧದ ಸಿನಿಮಾವನ್ನೂ ಪೂರ್ತಿ ನೋಡಿದವರಲ್ಲ. ನಾಯಕ ಎದೆಗೆ ಗುಂಡು ತಿಂದು ಭಾಷಣ ಶುರುಮಾಡಿದ ಕೂಡಲೇ ಎದ್ದು, ಯಾರ ಕಾಲು ತುಳಿದರೂ ಸರಿ ಎಂದು ಹೊರಗೆ ನಡೆದುಬಿಡುತ್ತಿದ್ದರು. ಕೇಳಿದರೆ, ನಿನ್ನೆ ಆದ ಗಾಯದಿಂದ ಇವತ್ತೂ ಬಣ್ಣದ ನೀರು ಸುರೀತಿದೆ ಎಂದು ಗೊಣಗುತ್ತಿದ್ದರು. ಯುದ್ಧದ ಬಗ್ಗೆ ಮನೆಯವರು ಅವರ ಬಾಯಿಂದ ಕೇಳಿದ್ದು ಅಷ್ಟೇ.

ಇವತ್ತಿನ ಚಿತ್ರದಲ್ಲಿ ನಟರ ಮೈಮೇಲೆ ಮೇಕಪ್ಪಿನ ಗಾಯಗಳನ್ನು ಮಾಡಿದವಳು ಮಗಳೇ. ಅಣ್ಣ ಗಾಯ ಕಟ್ಟಿದ, ಮಗಳು ಗಾಯ ಮಾಡ್ತಾಳೆ, ಅಂತೂ ಕಸುಬು ಮನೆಯಲ್ಲೇ ಉಳೀತು ಎಂದು ಚಿಕ್ಕಪ್ಪ ಗೇಲಿ ಮಾಡಿದ್ದರು. ಅವಳು ಮಾತ್ರ ಆಸ್ಪತ್ರೆ ಆಸ್ಪತ್ರೆ ಸುತ್ತಿ, ಡಾಕ್ಟರುಗಳ ತಲೆ ತಿಂದು, ರಕ್ತಕ್ಕೇ ಮೂರು ಬಾಟಲಿ ಮಾಡಿಕೊಂಡಿದ್ದಳು. ಒಂದು ಆಗಿಂದಾಗಿನದು, ಒಂದು ಗಂಟೆ ಕಳೆದದ್ದು, ಇನ್ನೊಂದು ಎರಡನೇ ದಿನದ್ದು. ಎರಡನೇ ದಿನದ್ದು ಕಂದುಗಪ್ಪು, ಪಟ್ಟಿಗೆ ಅಂಟಿಕೊಂಡು ಗಟ್ಟಿಯಾಗುವಂಥದ್ದು. ಬೇರೆಯವರು ಹೊಗಳಿದರೆಷ್ಟು ಬಿಟ್ಟರೆಷ್ಟು, ಅಪ್ಪ ಕೊನೆಯವರೆಗೆ ಕೂತರೆ ಸಾಕು ಎಂಬುದೊಂದೇ ಅವಳ ಆಸೆ.

ಪರದೆಯ ಮೇಲೆ ಗುಡಾರದ ಆಸ್ಪತ್ರೆ ಬಂತು. ಹೊಟ್ಟೆಗೆ ಗಾಯವಾದ ಸೈನಿಕನೊಬ್ಬ ನೀರಿಗಾಗಿ ಗೋಗರೆಯುತ್ತಿದ್ದ. ಹೊಟ್ಟೆಯ ಗಾಯಕ್ಕೆ ನೀರು ಕೂಡದೆಂದು ಆರೈಕೆಯವನು ಕೊಡದೆ, ಒದ್ದೆ ಬಟ್ಟೆಯಿಂದ ಅವನ ತುಟಿ ಒರೆಸಿದ. ಹಳೆಯ ಪಟ್ಟಿಯನ್ನು ಎಳೆಯದೆ, ನೆನೆಸಿ ನೆನೆಸಿ ಬಿಡಿಸತೊಡಗಿದ. ಅಷ್ಟು ಹೊತ್ತೂ ಶಿಳ್ಳೆ ಹೊಡೆಯುತ್ತಿದ್ದ ಮುಂದಿನ ಸಾಲು ತೆಪ್ಪಗಾಯಿತು. ಯಾರೋ ಇಬ್ಬರು ಎದ್ದು ಹೊರಗೆ ಹೋದರು. ಅಪ್ಪ ಕತ್ತಲಲ್ಲೇ ತಡವಿ ಮಗಳ ಕೈ ಹಿಡಿದುಕೊಂಡರು.

"ಈ ಹುಡುಗ ಉಳೀತಾನಾ?"

"ಅಪ್ಪಾ, ಅದು ರಬ್ಬರು. ನಾನೇ ಮಾಡಿದ್ದು."

"ಗೊತ್ತಮ್ಮಾ. ಉಳೀತಾನಾ?"

ಕಥೆ ಗೊತ್ತಿದ್ದ ಅವಳು ಇಲ್ಲ ಎಂದು ತಲೆಯಾಡಿಸಿದಳು. ಅಪ್ಪ ಕೈ ಬಿಡಲಿಲ್ಲ, ಏಳಲೂ ಇಲ್ಲ. ಆ ಹುಡುಗ ಸಾಯುವವರೆಗೂ ಕೂತರು. ಆಮೇಲೆ ಕೊನೆಯ ಹೆಸರು ಸರಿದು ದೀಪ ಹತ್ತುವವರೆಗೂ ಕೂತರು. ಕಣ್ಣೊರೆಸಿಕೊಂಡದ್ದನ್ನು ಮುಚ್ಚಿಡಲೂ ಹೋಗಲಿಲ್ಲ. ಅವಳಿಗೆ ಹೆಮ್ಮೆಯಿಂದ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಮೆಟ್ಟಿಲಿಳಿಯುವಾಗ ಒಬ್ಬ ಗೃಹಸ್ಥರು ಹೆಂಡತಿಯ ಹತ್ತಿರ ಸಿಡಿಮಿಡಿಗೊಳ್ಳುತ್ತಿದ್ದರು. ಇದ್ದೊಂದು ರಜೆ ಹಾಳಾಯಿತಂತೆ, ಇಷ್ಟೆಲ್ಲ ತೋರಿಸುವ ದರ್ದು ಏನಿತ್ತಂತೆ, ಯಾವ ಪುಣ್ಯಾತ್ಮರು ಮಾಡಿದ್ದೋ ಈ ಗಾಯಗಳನ್ನು. ಮಗಳು ತಲೆ ತಗ್ಗಿಸಿ ಪಕ್ಕಕ್ಕೆ ಸರಿದಳು. ಮಾತಾಡಿದರೆ ಎಲ್ಲಿ ಮುತ್ತು ಉದುರೀತೋ ಎನ್ನುವಂತಿದ್ದ ಅಪ್ಪ ಅಲ್ಲೇ ನಿಂತು, ಅವಳನ್ನು ತೋಳು ಹಿಡಿದು ಮುಂದಕ್ಕೆ ತಂದರು.

"ಇವಳು ಸ್ವಾಮೀ, ನನ್ನ ಮಗಳು. ಕಟ್ಕೊಂಡ ಹೆಂಡತಿಗೂ ನಾನು ಹೇಳೋಕಾಗದೇ ಇದ್ದದ್ದನ್ನ, ಇವಳು ನಿಮಗೆಲ್ಲ ಹೇಳಿದಾಳೆ."