ಹೆಂಗಸರ ಗ್ಯಾಲರಿ

"ಟಿಕೆಟ್ ಮುಗುದೋದೊ ಕಣ್ಲಾ. ಹೆಂಗಸ್ರ ಗ್ಯಾಲರಿ ಖಾಲಿ ಅದೆ, ಕೂತ್ಕತೀರಾ?" ಚಾಮರಾಜನಗರ ಫುಟ್‌ಬಾಲ್ ಕ್ಲಬ್ಬಿನ ಮೃತ್ಯುಂಜಯ ಗೇಟಿಗೆ ಅಡ್ಡ ನಿಂತು ನಕ್ಕ.

ಗುಂಡ್ಲುಪೇಟೆ ತಂಡದ ಮುಖಂಡ ಶಿವಸ್ವಾಮಿಯ ಕಿವಿ ಕೆಂಪಾಯಿತು. ತಮ್ಮ ಊರಿನವರಿಗೆ ಅರ್ಧ ಗ್ಯಾಲರಿ ಬಿಡುತ್ತೇವೆಂದು ಮಾತು ಕೊಟ್ಟವನೇ ಇವನು. ಅದನ್ನು ನಂಬಿ ಶಿವಸ್ವಾಮಿ ಎರಡು ಲಾರಿ ಜನರನ್ನು ಕರೆತಂದಿದ್ದ. ಹಿಂದಿನವರು ಆಗಲೇ ಕಲ್ಲೆತ್ತಿಕೊಂಡಿದ್ದರು. "ಊಂ ಅನ್ನಣ್ಣ, ಗೇಟ್ ಕಿತ್ತಾಕ್ಬುಡನ!" ಗಲಾಟೆಯಾದರೆ ಫೈನಲ್ ರದ್ದು, ಒಳಗೆ ಬೂಟು ಬಿಗಿಯುತ್ತಿರುವ ತಮ್ಮ ಹುಡುಗರು ಆಡದೆಯೇ ಊರಿಗೆ ಹಿಂತಿರುಗಬೇಕು.

ಶಿವಸ್ವಾಮಿ ಹೆಗಲ ಟವೆಲ್ ತೆಗೆದು ಸೆರಗಿನಂತೆ ತಲೆಗೆ ಹೊದ್ದುಕೊಂಡ. "ಆಗ್ಲಿ ಮೃತ್ಯುಂಜಯಣ್ಣ, ನಿಮ್ಮನೆಗೆ ಬಂದ ಹೆಣ್ಮಕ್ಳು ಅನ್ಕೊ. ಆದ್ರೆ ಹೆಣ್ಮಕ್ಳ ಬರಿ ಮಡ್ಲಲ್ಲಿ ಕಳುಸ್ಬಾರ್ದು. ಸಂಜೆ ಮಡ್ಲಕ್ಕಿ ಬದ್ಲು ಆ ಕಪ್ ಆಕ್ಬುಡು!"

ಹಿಂದೆ ಕಲ್ಲುಗಳು ನೆಲಕ್ಕೆ ಬಿದ್ದ ಸದ್ದಾಯಿತು. ಒಂದೊಂದಾಗಿ ಟವೆಲ್ಲುಗಳು ತಲೆಗೇರಿದವು.