ಪ್ರಣೀತಾ ಹೇಳಿದ ಸೀರಿಯಲ್

"ನಿನ್ನೆ ಅವನು ಅವಳನ್ನು ಬಾಲ್ಕನಿಗೆ ಕರ್ಕೊಂಡು ಹೋದ ಜಲಜಕ್ಕ. ಇಲ್ಲಿಂದ ಯಾರಾದ್ರೂ ಬಿದ್ರೆ, ಬಟ್ಟೆ ಒಣಗಿಸುವಾಗ ಕಾಲು ಜಾರಿತು ಅಂತ್ಲೇ ಜನ ಹೇಳೂದು, ಅಲ್ವಾ? ಅಂತ ಕೇಳಿದ. ಮೆಲ್ಲಗೆ ಕೇಳಿದ." ಎದುರು ಮನೆಯ ಪ್ರಣೀತಾ ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

"ಅಯ್ಯೋ, ಬಾಲ್ಕನಿ ಸೀನ್ ಈಗ ಹಳತಾಯ್ತು ಮಾರಾಯ್ತಿ!" ಎಂದರು ಜಲಜಾಕ್ಷಿ. ಠಾಣೆ ಊರಿನ ಘೋಡಬಂದರ್ ರಸ್ತೆಯ ಆ ಫ್ಲ್ಯಾಟುಗಳ ಸೊಸೈಟಿಯಲ್ಲಿ ಟೀವಿಯ ವಿಷಯಕ್ಕೆ ಅವರದೇ ಕೊನೆಯ ಮಾತು. ಗಂಡ ಕಿಟ್ಟಣ್ಣ ರೈಲ್ವೆ ಸ್ಟೇಷನ್ ಬಳಿಯ ತಮ್ಮ ಹೋಟೆಲಿಗೆ ಹೋದರೆಂದರೆ ರಿಮೋಟ್ ಇವರ ಕೈಗೆ. ಕನ್ನಡ, ಹಿಂದಿ, ಮರಾಠಿ, ಯಾವ ಸೀರಿಯಲ್ಲೂ ತಪ್ಪುವುದಿಲ್ಲ. ಸಂಜೆ ಹೀಗೆ ಸೊಸೈಟಿಯ ತೋಟದ ಬೆಂಚಿನಲ್ಲಿ ಕೂತು ಅಭಿಪ್ರಾಯ ಹೇಳಿದರೇ ಸಮಾಧಾನ. "ಟಿಆರ್‌ಪಿ ಬಿದ್ದದ್ದೇ ಎಲ್ಲರೂ ಹೀರೋಯಿನನ್ನು ಬಾಲ್ಕನಿಗೆ ತರ್ತಾರೆ. ಕೊನೆಗೆ ಏನೂ ಆಗೂದಿಲ್ಲ, ಹೀರೋ ಬದಲಾಗ್ತಾನೆ. ಅವಳು ಸ್ವಲ್ಪ ತಾಳಿಕೊಳ್ಬೇಕು ಅಂತ ನಾನು ಹೋದ ವಾರವೇ ಹೇಳ್ಲಿಲ್ವಾ?"

"ತಾಳಿಕೊಂಡ್ಳು ಜಲಜಕ್ಕ. ನೀವು ಹೇಳಿದ್ರಲ್ಲ, ಹಾಗೇ ತಾಳಿಕೊಂಡ್ಳು." ಪ್ರಣೀತಾಳ ಸ್ವರ ಸಣ್ಣದಾಯಿತು. "ಈಗ ಏನು ಮಾಡ್ಬೇಕು ಅವಳು?"

"ಅದು ಯಾವ ಚಾನೆಲ್ಲು ಹೇಳು ಮೊದಲು. ನಾನು ನೋಡದ ಸೀರಿಯಲ್ ಯಾವುದಪ್ಪ ಅದು?"

"ಚಾನೆಲ್ಲಲ್ಲಿ ಅಲ್ಲ, ಮೊಬೈಲಲ್ಲಿ ಬರ್ತದೆ."

ಜಲಜಾಕ್ಷಿ ತಿರುಗಿ ದುಪಟ್ಟಾ ಸುತ್ತಿದ ಅವಳ ಕೈಗಳನ್ನು ನೋಡಿದರು. ಪ್ರಣೀತಾಳ ಮೊಬೈಲ್ ರಿಪೇರಿಗೆ ಹೋಗಿ ತಿಂಗಳ ಮೇಲಾಗಿತ್ತು. ಕಾರ್ಕಳದ ಅಮ್ಮನಿಗೆ ಫೋನ್ ಮಾಡಬೇಕಾದರೂ ಗಂಡ ಸಮಿತ್ ಮನೆಗೆ ಬರಬೇಕು, ಅವನ ಎದುರೇ ಮಾತಾಡಬೇಕು ಎಂದು ಇವಳೇ ಹೇಳಿದ್ದಳು. ಕೈಯಲ್ಲಿ ಫೋನೇ ಇಲ್ಲದ ಹುಡುಗಿ ಮೊಬೈಲಿನಲ್ಲಿ ಸೀರಿಯಲ್ ನೋಡುವುದೆಲ್ಲಿಂದ ಬಂತು? ಅಂಥ ಸೀರಿಯಲ್ಲೇ ಇಲ್ಲ. ಆ ಬಾಲ್ಕನಿ ತಮ್ಮ ಅಡುಗೆಮನೆಯ ಕಿಟಕಿಗೆ ಕಾಣುವ ಪ್ರಣೀತಾಳ ಮನೆಯ ಬಾಲ್ಕನಿ, ಹದಿನಾಲ್ಕನೇ ಮಹಡಿಯದು. ತಾಳಿಕೊಳ್ಳಲಿ ಎಂದವರು ತಾವೇ.

"ನಮಸ್ಕಾರ ಆಂಟಿ." ಬೆನ್ನ ಹಿಂದೆ ಸಮಿತ್ ನಿಂತಿದ್ದ. ಯಾವಾಗ ಬಂದನೋ ತಿಳಿಯಲಿಲ್ಲ. "ಏನು, ಭಾರೀ ಚರ್ಚಾ ಚಾಲೂ ಇದೆ?"

"ಸೀರಿಯಲ್ಲು" ಎಂದರು ಜಲಜಾಕ್ಷಿ.

"ಇವಳು ಟೀವೀನೇ ನೋಡಲ್ಲ ಆಂಟಿ. ಯಾವ ಸೀರಿಯಲ್?"

ಜಲಜಾಕ್ಷಿ ಪ್ರಣೀತಾಳಿಗೆ ಬಾಯಿ ತೆರೆಯಲು ಬಿಡಲಿಲ್ಲ. "ಅವಳಿಗೆಂತ ಗೊತ್ತು! ನಾನು ಹೇಳೂದು, ಅವಳು ಹ್ಞೂಂ ಹಾಕೂದು. ಆ ಡ್ಯಾನ್ಸ್ ಶೋ ನೋಡು ಮಗಾ, ಮಕ್ಕಳು ಕುಣಿಯುವ ಮೊದಲೇ ಜಡ್ಜು ಅಳ್ತಾರೆ. ಒಂದೇ ಮನೆಯೊಳಗೆ ಕೂಡಿ ಹಾಕುವ ಶೋ ಉಂಟಲ್ಲ, ಅದರಲ್ಲಿ ಈ ಸಲ ಜಗಳವೂ ಬರೆದು ಕೊಟ್ಟದ್ದೇ..." ನಾಲಗೆ ತನ್ನ ಪಾಡಿಗೆ ಓಡುತ್ತಿತ್ತು. ಮೇಲೆ ಹೋಗಲು ಮೂವರೂ ಒಟ್ಟಿಗೆ ಲಿಫ್ಟ್ ಹತ್ತಿದರು. ಸಮಿತ್‌ನ ಕೈ ಹೆಂಡತಿಯ ಹೆಗಲ ಮೇಲಿತ್ತು. ಜಲಜಾಕ್ಷಿ ಮಾತು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಆ ಕೈ ಏನು ಮಾಡುವುದೋ ಎಂಬ ಹೆದರಿಕೆ.

ಎರಡೂ ಮನೆಯ ಬಾಗಿಲು ಎದುರುಬದುರು. ತಮ್ಮ ಬಾಗಿಲ ಬೀಗ ತೆಗೆದವರೇ ಜಲಜಾಕ್ಷಿ "ಅಯ್ಯೋ, ತಲೆ..." ಎಂದು ಹೊಸ್ತಿಲಲ್ಲೇ ಕುಸಿದರು. ಕೈ ಚಾಚಿದ ಪ್ರಣೀತಾಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡರು.

"ಅರೇ ಆಂಟಿ! ಸರಿ, ನಾನು ಎತ್ತಿ ಒಳಗೆ ಮಲಗಿಸ್ತೀನಿ" ಎಂದು ಸಮಿತ್ ಬಗ್ಗಿದ. ಅವನ ಸೆಂಟಿನ ವಾಸನೆ ಮುಖಕ್ಕೇ ಬಡಿಯಿತು.

"ಬೇಡ ಮಗಾ, ಸೀರೆ ಸಡಿಲ ಮಾಡ್ಬೇಕು. ಇವಳು ಸಾಕು. ನೀನು ಆಚೆ ನಿಲ್ಲು." ಅವನು ಒಂದು ಹೆಜ್ಜೆ ಹಿಂದೆ ಸರಿದ. ಅಷ್ಟೇ ಸಾಕಾಯಿತು. ಹುಡುಗಿಯನ್ನು ಎಳೆದುಕೊಂಡೇ ಒಳಗೆ ಹೊಕ್ಕ ಜಲಜಾಕ್ಷಿ ಬಾಗಿಲು ದೂಡಿ, ಮೇಲಿನ ಚಿಲಕ, ಕೆಳಗಿನ ಚಿಲಕ ಎರಡನ್ನೂ ಹಾಕಿ ತಮ್ಮ ಫೋನನ್ನು ಅವಳ ಕೈಗಿತ್ತರು. "ಹತ್ತಿರ ಯಾರಿದ್ದಾರೆ ನಿನಗೆ? ಬೇಗ."

ಠಾಣೆಗೆ ಹತ್ತಿರದ ಐರೋಲಿಯಲ್ಲಿ ಸೋದರಮಾವ ತಾರಾನಾಥ ಇದ್ದರು. "ಮಾವ" ಎಂದಷ್ಟೇ ಹೇಳಿ ಪ್ರಣೀತಾ ಫೋನನ್ನು ಹಿಂದಕ್ಕೆ ಕೊಟ್ಟಳು. ಉಳಿದದ್ದನ್ನು ಜಲಜಾಕ್ಷಿಯೇ ಹೇಳಿದರು.

"ಈಗಲೇ ಹೊರಟೆ. ಪೊಲೀಸರಿಗೂ ಫೋನ್ ಮಾಡ್ತೇನೆ" ಎಂದರು ತಾರಾನಾಥ. "ಆದರೆ ಅಕ್ಕ, ಈ ಹೊತ್ತಿಗೆ ಘೋಡಬಂದರ್ ಟ್ರಾಫಿಕ್ ನಿಮಗೆ ಗೊತ್ತುಂಟಲ್ಲ. ಯಾರು ಏನೇ ಹೇಳ್ಲಿ, ಬಾಗಿಲು ತೆಗೀಬೇಡಿ."

ಬಾಗಿಲ ಬೆಲ್ ಒಂದು ಸಲ ಸದ್ದು ಮಾಡಿತು. ಸ್ವಲ್ಪ ಬಿಟ್ಟು ಇನ್ನೊಂದು ಸಲ. ಪ್ರಣೀತಾ ಸೋಫಾದ ಹಿಂದೆ ನೆಲದಲ್ಲಿ ಮುದುಡಿ ಕೂತಳು.

"ಆಂಟಿ, ತಲೆ ಈಗ ಹೇಗಿದೆ?" ಹೊರಗಿನ ಸ್ವರದಲ್ಲಿ ಸ್ವಲ್ಪವೂ ಸಿಟ್ಟಿರಲಿಲ್ಲ. "ಪ್ರಣೀತಾನ ಕಳಿಸ್ತೀರಾ?"

"ಕಳಿಸೂದಿಲ್ಲ" ಎಂದರು ಜಲಜಾಕ್ಷಿ. ಅದು ತಮ್ಮದೇ ಸ್ವರವೆಂದು ಅವರಿಗೇ ನಂಬಿಕೆಯಾಗಲಿಲ್ಲ.

"ಗಡಿಬಿಡಿ ಇಲ್ಲ ಆಂಟಿ. ನಾನು ಇಲ್ಲೇ ಇರ್ತೀನಿ."

ಜಲಜಾಕ್ಷಿ ಬಾಗಿಲಿನ ಕಿಂಡಿಗೆ ಕಣ್ಣಿಟ್ಟರು. ಸಮಿತ್ ಬೂಟು ಬಿಚ್ಚಿ, ಸಾಕ್ಸನ್ನು ಮಡಚಿ ಅದರೊಳಗಿಟ್ಟು, ಜೋಡಿಯನ್ನು ಗೋಡೆಯ ಬದಿಗೆ ಸರಿಯಾಗಿ ಇರಿಸಿದ. ಆಮೇಲೆ ಕಿಂಡಿಗೆ ಕಾಣದಂತೆ ಕೆಳಗೆ ಕೂತ. ಒಳಗೆ ಜಲಜಾಕ್ಷಿಯೂ ಬಾಗಿಲಿಗೆ ಬೆನ್ನು ಕೊಟ್ಟು ನೆಲಕ್ಕೆ ಕುಳಿತರು. ಆ ತೆಳು ಹಲಗೆಯ ಆಚೆ, ತಮ್ಮ ಬೆನ್ನಿಗೆ ಸರಿಯಾಗಿ, ಇನ್ನೊಂದು ಬೆನ್ನು ಮೆಲ್ಲಗೆ ಒರಗಿದ್ದು ಅವರಿಗೆ ಗೊತ್ತಾಯಿತು.