ಮಾತಾಡದ ಮನೆ

"ಕಿವಿ ಚೆನ್ನಾಗೇ ಕೇಳ್ಸುತ್ತೆ," ಎಂದು ಡಾಕ್ಟರಮ್ಮ ಮಗುವಿನ ಬೆನ್ನ ಹಿಂದೆ ಆಡಿಸುತ್ತಿದ್ದ ಗಿಲಕಿಯನ್ನು ಮೇಜಿನ ಮೇಲಿಟ್ಟರು. ತೂಕ ಸರಿಯಿತ್ತು, ಚುಚ್ಚುಮದ್ದೂ ಆಗಿತ್ತು. "ಆದ್ರೆ ವರ್ಷ ತುಂಬ್ತಾ ಬಂತಲ್ಲಮ್ಮ. ಬಬ್ಬ, ದದ್ದ ಅಂತ ಏನೂ ಅನ್ನಲ್ವಾ?"

"ಇಲ್ಲ," ಎಂದಳು ತಾಯಿ. "ಅಳೋದೂ ಸದ್ದಿಲ್ದೆ ಅಳುತ್ತೆ."

ಡಾಕ್ಟರಮ್ಮ ತಲೆಯೆತ್ತಿದರು. "ಮನೇಲಿ ಇದರ ಜೊತೆ ಯಾರು ಮಾತಾಡ್ತಾರೆ?"

ತಪಾಸಣೆಗೆ ಬಂದವರನ್ನೆಲ್ಲ ಕೇಳುವ ಪ್ರಶ್ನೆಯೇ ಇರಬೇಕು. ಅವಳು ಮಗುವಿನ ಅಂಗಿಯ ಗುಂಡಿ ಹಾಕತೊಡಗಿದಳು. ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ ಅವಳನ್ನು ಎಲ್ಲರೂ ಮಾತಿನಮಲ್ಲಿ ಎನ್ನುತ್ತಿದ್ದರು. ಬೇಡವೆಂದು ಎದ್ದ ಗಿರಾಕಿಯನ್ನೂ ಮಾತಿನಲ್ಲೇ ಕಟ್ಟಿ ಕೂರಿಸುತ್ತಿದ್ದಳು. ಮಗು ಇನ್ನೂ ಮಗುಚಿಕೊಳ್ಳುವ ಮುಂಚೆ ಒಂದು ದಿನ, ಮತ್ತೆ ಅಂಗಡಿಗೆ ಹೋಗಲಾ ಎಂದು ಗಂಡನನ್ನು ಕೇಳಿದಳು. ಅವನು ಬೇಡವೆನ್ನಲಿಲ್ಲ. ಮಾತು ಬಿಟ್ಟ.

"ನಮ್ಮನೆಯವ್ರು ಬೈಯಲ್ಲ, ಹೊಡೆಯಲ್ಲ, ಮನೆಗೆ ಏನೂ ಕಮ್ಮಿ ಮಾಡಿಲ್ಲ," ಎಂದಳು. "ಏನಾದ್ರೂ ಕೇಳಿದ್ರೆ ಗೋಡೆ ನೋಡ್ತಾರೆ. ಕಾಲು ಹಿಡ್ಕೊಂಡೆ, ಕೆಲಸದ ಆಸೆ ಬಿಟ್ಟೆ ಅಂದೆ. ನನ್ನ ದಾಟ್ಕೊಂಡು ಹೋದ್ರು. ಮೊದಮೊದ್ಲು ಮಗು ಜೊತೆ ನಾನೇ ಮಾತಾಡ್ತಿದ್ದೆ ಡಾಕ್ಟ್ರೇ. ಆಮೇಲಾಮೇಲೆ ಬಾಯಿ ತೆಗೆದ್ರೆ ಅಳುನೇ ಬರೋದು. ಮಗು ಹೆದರುತ್ತೆ ಅಂತ ನಾನೂ ಸುಮ್ನಾದೆ. ಈಗ ಮನೇಲಿ ಸದ್ದು ಮಾಡೋದು ನಲ್ಲಿ ಒಂದೇ."

ಇಷ್ಟು ಮಾತು ಒಟ್ಟಿಗೆ ಆಡಿ ಎಷ್ಟು ಕಾಲವಾಗಿತ್ತೋ, ದವಡೆ ನೋಯುತ್ತಿತ್ತು. ಎದೆ ಹಗುರಾಗಿತ್ತು.

"ಅವ್ರೂ ಬಂದಿದಾರಲ್ಲ, ನಾನು ಮಾತಾಡ್ಲಾ?" ಎಂದು ಡಾಕ್ಟರಮ್ಮ ಕೇಳಿದರು. ಅವಳು ಗಾಬರಿಯಿಂದ ಬಾಗಿಲ ಕಡೆ ನೋಡಿದಳು. ಆದರೂ ದೊಡ್ಡವರು ಹೇಳಿದರೆ ಕೇಳಿಯಾನು ಎನ್ನಿಸಿ ತಲೆಯಾಡಿಸಿದಳು.

ಗಂಡ ನಗುನಗುತ್ತಲೇ ಒಳಬಂದು ಮಗುವನ್ನು ತೊಡೆಗೆ ಎಳೆದುಕೊಂಡ. "ನಾನೂ ತಡವಾಗೇ ಮಾತು ಕಲಿತಿದ್ದಂತೆ ಡಾಕ್ಟ್ರೇ. ಈಗ ನೋಡಿ, ಆಫೀಸಲ್ಲಿ ನನ್ನ ಬಾಯಿ ಮುಚ್ಸೋರೇ ಇಲ್ಲ."

ಡಾಕ್ಟರಮ್ಮ ನಗಲಿಲ್ಲ. "ಮನೇಲಿ ಮಾತೇ ಇಲ್ದಿದ್ರೆ ಮಗು ಎಲ್ಲಿಂದ ಕಲೀಬೇಕು? ನಿಮ್ಮಿಬ್ರ ಮಧ್ಯೆ ಏನಿದ್ರೂ ಕೂತು ಬಗೆಹರಿಸ್ಕೊಳ್ಳಿ. ಆಗ್ದಿದ್ರೆ ಇಬ್ರೂ ಬನ್ನಿ. ಇಲ್ಲಿ ಅದಕ್ಕಂತಲೇ ಒಬ್ರಿದಾರೆ, ಕೂತು ಕೇಳ್ತಾರೆ."

"ಖಂಡಿತ ಡಾಕ್ಟ್ರೇ," ಎಂದ ಅವನು, ಅಷ್ಟೇ ವಿನಯದಿಂದ. "ಇವಳು ಸ್ವಲ್ಪ ಸೋತಿದಾಳೆ ಅಷ್ಟೆ. ನಾನು ನೋಡ್ಕೋತೀನಿ."

ಹೊರಗೆ ಮಕ್ಕಳ ಸಾಲು ಬೆಳೆದಿತ್ತು. ಏಳುವಾಗ ಡಾಕ್ಟರಮ್ಮ ಅವಳ ಮೊಣಕೈ ಮುಟ್ಟಿ, "ಮುಂದಿನ ತಿಂಗಳು ನೀವೇ ಬಂದು ನಂಗೆ ಹೇಳ್ಬೇಕು," ಎಂದರು.

ಕಾರಿನ ಬಾಗಿಲು ಹಾಕಿಕೊಂಡಿತು. ಅವನ ನಗು ಹೊರಗೇ ಉಳಿದಿತ್ತು. ದೊಡ್ಡ ರಸ್ತೆಗೆ ತಿರುಗಿದ ಮೇಲೆ, ಮುಂದಿನ ಗಾಜನ್ನೇ ನೋಡುತ್ತ ಅವನು ಬಾಯಿಬಿಟ್ಟ.

"ಇನ್ಮೇಲೆ ಮಗೂನ ಡಾಕ್ಟ್ರ ಹತ್ರ ನಾನೇ ಕರ್ಕೊಂಡ್ಬರ್ತೀನಿ. ನೀನು ಬರೋದು ಬೇಡ."

ಅಷ್ಟು ತಿಂಗಳ ಮೇಲೆ ಅವನು ಅವಳಿಗೆ ಆಡಿದ ಮೊದಲ ಮಾತು ಅದು. ತೊಡೆಯ ಮೇಲಿದ್ದ ಮಗು ಅಪ್ಪನ ದನಿಗೆ ಬೆಚ್ಚಿ, ಕತ್ತೆತ್ತಿ, ಅವಳ ತುಟಿಗಳನ್ನೇ ನೋಡುತ್ತ ಕಾಯುತ್ತಿತ್ತು.